ಜೌಗು ನೆಲದ ಹಾವುರಾಣಿ

ಹಿತ್ತಲಿನ ಕಲ್ಲುರಾಶಿಯ ಮೇಲೆ, ತೋಟದ ಬದುವಿನಲ್ಲಿ, ಉದುರಿದ ತರಗೆಲೆಗಳ ನಡುವೆ ಬೆಳಗಿನ ಬಿಸಿಲಿಗೆ ಮೈಯೊಡ್ಡಿ ಮಲಗುವ ಹಾವುರಾಣಿಯನ್ನು ಕಾಣದವರು ನಮ್ಮಲ್ಲಿ ವಿರಳ. ಎಣ್ಣೆ ಹಚ್ಚಿದಂತೆ ಮಿನುಗುವ ಕಂದು ಮೈ, ಪಕ್ಕದಲ್ಲಿ ಸಾಗುವ ತೆಳು ಹಳದಿ ಗೆರೆ, ಹೆಜ್ಜೆಯ ಸದ್ದು ಕೇಳಿದೊಡನೆ ಸರ್ರನೆ ಮರೆಯಾಗುವ ಓಟ, ಇವು ಅದರ ಗುರುತು. ಅದನ್ನು ಕಂಡೊಡನೆ ಕಲ್ಲೆತ್ತಿಕೊಳ್ಳುವವರೂ ಉಂಟು. ಅದು ವಿಷಜಂತುವೆಂದು, ಕಚ್ಚಿದರೆ ಉಳಿಗಾಲವಿಲ್ಲವೆಂದು ಅನೇಕರು ನಂಬಿದ್ದಾರೆ. ವಾಸ್ತವವಾಗಿ ಹಾವುರಾಣಿ ಹಾವಲ್ಲ. ಹಾವುಗಳ ರಾಣಿಯೂ ಅಲ್ಲ. ಅದಕ್ಕೆ ವಿಷವಿಲ್ಲ. ಅದು ಹಲ್ಲಿ, ಓತಿಕ್ಯಾತಗಳಿಗೆ ಬಂಧುವಾದ, ಹುಳುಹುಪ್ಪಟೆಗಳನ್ನು ತಿಂದು ಬದುಕುವ ಒಂದು ಸಾಧು ಪ್ರಾಣಿ. ಸರಿಯಾಗಿ ನೋಡದೆ, ಕೇವಲ ಹೊಳಪು ಮತ್ತು ಓಟವನ್ನು ಕಂಡು ನಾವು ಅದನ್ನು ಹಾವಿನ ಸಾಲಿಗೆ ಸೇರಿಸಿದೆವು. ಆ ತಪ್ಪಿನ ದಂಡವನ್ನು ಅದು ತನ್ನ ಪ್ರಾಣದಿಂದ ತೆರುತ್ತಿದೆ.

ಒಂದು ಪ್ರಾಣಿಯನ್ನು ಸರಿಯಾಗಿ ಗುರುತಿಸುವುದೆಂದರೇನು? ಅದನ್ನು ಇಂತಹ ಗುಂಪಿಗೆ ಸೇರಿದ್ದೆಂದು ಹೇಳುವುದು ಹೇಗೆ? ಹಾಗೆ ಹೇಳುವುದರಿಂದ ಆ ಪ್ರಾಣಿಗಾಗಲೀ ನಮಗಾಗಲೀ ಆಗುವ ಪ್ರಯೋಜನವೇನು? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ನಮ್ಮ ಹಿತ್ತಿಲಿನ ಹಾವುರಾಣಿಯ ದೂರದ ಬಂಧುವೊಂದನ್ನು ನೋಡೋಣ. ಅದು ಇರುವುದು ಆಸ್ಟ್ರೇಲಿಯದಲ್ಲಿ. ಅಲ್ಲಿಯೂ ಒಂದು ಪರ್ವತಸೀಮೆಯ ಕೆಲವು ಜೌಗು ನೆಲಗಳಲ್ಲಿ ಮಾತ್ರ.

ಆಸ್ಟ್ರೇಲಿಯದ ಸಿಡ್ನಿ ನಗರದಿಂದ ಪಶ್ಚಿಮಕ್ಕೆ ಸಾಗಿದರೆ ಬ್ಲೂ ಮೌಂಟನ್ಸ್ ಎಂಬ ಪರ್ವತಸೀಮೆ ಎದುರಾಗುತ್ತದೆ. ಈ ಹೆಸರಿನ ಅರ್ಥ ನೀಲಿ ಪರ್ವತಗಳು. ನಮ್ಮ ನೆರೆಯ ನೀಲಗಿರಿಗೂ ಅದೇ ಅರ್ಥವಷ್ಟೆ. ಆ ಬೆಟ್ಟಗಳನ್ನು ಆವರಿಸಿರುವ ಮರಗಳೂ ನಮಗೆ ಅಪರಿಚಿತವಲ್ಲ. ಆಸ್ಟ್ರೇಲಿಯದಿಂದ ಬಂದು ನೀಲಗಿರಿಯಲ್ಲಿ ಬೇರೂರಿದುದರಿಂದ ನಾವು ‘ನೀಲಗಿರಿ ಮರ’ವೆಂದೇ ಕರೆಯುವ ಯೂಕಲಿಪ್ಟಸ್ ವೃಕ್ಷಗಳ ಅನೇಕ ಪ್ರಭೇದಗಳು ಅಲ್ಲಿ ಸಹಜವಾಗಿ ಬೆಳೆದಿವೆ. ಈ ಪರ್ವತಸೀಮೆಯ ವಿಶಾಲ ಪ್ರದೇಶವನ್ನು 2000ದಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿಸಲಾಯಿತು.

ಈ ಬೆಟ್ಟಗಳು ಬಹುಮಟ್ಟಿಗೆ ಮರಳುಗಲ್ಲಿನಿಂದಾದವು. ಮಳೆಯ ನೀರು ಮರಳುಗಲ್ಲಿನ ಸಂದುಗಳಲ್ಲಿ ಇಳಿದು ಕೆಳಗೆ ಹೋಗುತ್ತದೆ. ನಡುವೆ ಅಲ್ಲಲ್ಲಿ ಜೇಡಿಗಲ್ಲಿನ ತೆಳು ಪದರಗಳಿವೆ. ಇವು ನೀರನ್ನು ಸುಲಭವಾಗಿ ಕೆಳಕ್ಕೆ ಬಿಡುವುದಿಲ್ಲ. ಆದುದರಿಂದ ನೀರು ಪಕ್ಕಕ್ಕೆ ಹರಿದು ಬೆಟ್ಟದ ಇಳಿಜಾರಿನಲ್ಲಿಯೋ ಕಣಿವೆಯ ತಲೆಯಲ್ಲಿಯೋ ಒಸರತೊಡಗುತ್ತದೆ. ಸದಾ ಒದ್ದೆಯಾಗಿರುವ ಅಂತಹ ಕಡೆ ಜೇಕು, ಜರೀಗಿಡ, ಕುರುಚಲು ಪೊದೆಗಳು ಒತ್ತಾಗಿ ಬೆಳೆಯುತ್ತವೆ. ಅವು ಸತ್ತಾಗ ನೀರಿನಲ್ಲಿ ಮುಳುಗಿರುವ ಎಲೆ, ಬೇರುಗಳು ಪೂರ್ತಿಯಾಗಿ ಕೊಳೆಯುವುದಿಲ್ಲ. ಸಾವಿರಾರು ವರ್ಷಗಳ ಕಾಲ ಹೀಗೆ ಅರೆಬರೆ ಕೊಳೆತ ಸಸ್ಯಾಂಶಗಳು ಪದರಪದರವಾಗಿ ಕೂಡಿ ಪೀಟ್ ಎಂಬ ಕಪ್ಪು ಮಣ್ಣಾಗುತ್ತವೆ. ಈ ಮಣ್ಣು ಸ್ಪಂಜಿನಂತೆ ನೀರನ್ನು ಹೀರಿ ಹಿಡಿದಿಟ್ಟುಕೊಂಡು, ಬೇಸಗೆಯಲ್ಲಿಯೂ ಮೆಲ್ಲಮೆಲ್ಲನೆ ತೊರೆಗಳಿಗೆ ಬಿಟ್ಟುಕೊಡುತ್ತದೆ. ಸುತ್ತಲೂ ಒಣ ಕಾಡು, ನಡುವೆ ಹಸುರಾದ ಒದ್ದೆ ನೆಲ; ಹೀಗೆ ಒಂದೊಂದು ಜೌಗೂ ಒಣನೆಲದ ಕಡಲಿನಲ್ಲಿ ಒಂದೊಂದು ದ್ವೀಪದಂತಿದೆ.

ಈ ದ್ವೀಪಗಳ ನಿವಾಸಿಯೇ ನಮ್ಮ ಕಥಾನಾಯಕ. ಆ ದೇಶದ ಜನ ಅದನ್ನು ‘ಬ್ಲೂ ಮೌಂಟನ್ಸ್ ವಾಟರ್ ಸ್ಕಿಂಕ್’ ಎನ್ನುತ್ತಾರೆ. ಸ್ಕಿಂಕ್ ಎಂದರೆ ಹಾವುರಾಣಿ. ವಿಜ್ಞಾನಿಗಳು ಅದಕ್ಕೆ ಇಟ್ಟಿರುವ ಹೆಸರು ಯೂಲಾಂಪ್ರಸ್ ಲೂರಾಯೆನ್ಸಿಸ್. ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅದರ ಉದ್ದ ಸುಮಾರು 8 ಸೆಂಟಿಮೀಟರು. ಬಾಲ ಅದಕ್ಕಿಂತಲೂ ಉದ್ದ. ಮೈಬಣ್ಣ ಕಡುಕಂದು ಅಥವಾ ಕಪ್ಪು. ಬೆನ್ನಿನ ಉದ್ದಕ್ಕೂ ಹಳದಿ, ಕಂಚು ಅಥವಾ ಬಿಳಿಯ ಛಾಯೆಯ ಕಿರಿದಾದ ಪಟ್ಟೆಗಳು. ಈ ಪಟ್ಟೆಗಳು ಬಾಲದ ಬುಡವನ್ನು ತಲಪಿದ ಮೇಲೆ ಒಡೆದು, ಚುಕ್ಕೆಗಳ ಸಾಲಾಗಿ ಮುಂದುವರಿಯುತ್ತವೆ.

ಬಿಸಿಲೇರಿದ ದಿನಗಳಲ್ಲಿ ಅದು ಹುಲ್ಲಿನ ಬುಡಗಳ ಮೇಲೆ ಮೈ ಕಾಯಿಸಿಕೊಳ್ಳುತ್ತದೆ. ಮಿಡತೆ, ನೊಣ, ಪತಂಗ, ಕಣಜಗಳನ್ನು ಹಿಡಿದು ತಿನ್ನುತ್ತದೆ. ಅಪಾಯದ ಸುಳಿವು ಸಿಕ್ಕಿದೊಡನೆ ಒತ್ತಾದ ಹುಲ್ಲಿನೊಳಗೆ ಅಥವಾ ಒದ್ದೆ ನೆಲದ ಬಿಲಗಳೊಳಗೆ ನುಸುಳಿಬಿಡುತ್ತದೆ. ಭೂಮಿಯ ದಕ್ಷಿಣಾರ್ಧದಲ್ಲಿ ಋತುಗಳು ನಮಗೆ ತಿರುವುಮುರುವಾಗಿರುವುದರಿಂದ ಅಲ್ಲಿ ಡಿಸೆಂಬರ್ ಎಂದರೆ ಬೇಸಗೆ. ಅದು ಸೆಪ್ಟೆಂಬರಿನಿಂದ ಏಪ್ರಿಲಿನವರೆಗೆ ಹೊರಗೆ ಕಾಣಿಸಿಕೊಂಡು, ಚಳಿಗಾಲವನ್ನು ಮರೆಯಲ್ಲಿ ಕಳೆಯುತ್ತದೆ. ಅದು ಮೊಟ್ಟೆಯಿಡುವುದಿಲ್ಲ, ಡಿಸೆಂಬರಿನ ಕೊನೆಯ ವೇಳೆಗೆ ಮರಿಗಳನ್ನೇ ಹೆರುತ್ತದೆ. ತಂಪಾದ, ಒದ್ದೆಯಾದ ನೆಲದಲ್ಲಿ ಮೊಟ್ಟೆಗಳಿಗೆ ಬೇಕಾದ ಕಾವು ದೊರೆಯುವುದು ಕಷ್ಟ. ತಾಯಿಯಾದರೋ ಬಿಸಿಲಿದ್ದ ಕಡೆಗೆ ಸರಿದು, ತನ್ನ ಹೊಟ್ಟೆಯೊಳಗಿನ ಮರಿಗಳಿಗೆ ಕಾವು ಒದಗಿಸಬಲ್ಲದು.

ಇಷ್ಟು ವರ್ಣನೆಯನ್ನು ಓದಿದ ನಿಮಗೆ, ಅಲ್ಲಿಗೆ ಹೋದರೆ ಈ ಪ್ರಾಣಿಯನ್ನು ಸುಲಭವಾಗಿ ಗುರುತಿಸಬಹುದೆಂದು ತೋರಬಹುದು. ಪಟ್ಟೆಯುಳ್ಳ ಹಾವುರಾಣಿಯನ್ನು ಕಂಡರಾಯಿತು, ಮತ್ತೇನು ಬೇಕು? ಆದರೆ ಕಷ್ಟವಿರುವುದೇ ಇಲ್ಲಿ. ಹಾವುರಾಣಿಗಳ ಕುಟುಂಬ ಹಲ್ಲಿಜಾತಿಯ ಪ್ರಾಣಿಗಳಲ್ಲೆಲ್ಲ ಅತಿ ದೊಡ್ಡ ಕುಟುಂಬಗಳಲ್ಲಿ ಒಂದು. ಜಗತ್ತಿನಲ್ಲಿ ಅದರ 1,700ಕ್ಕೂ ಹೆಚ್ಚು ಪ್ರಭೇದಗಳು ಇವೆ. ಇವುಗಳಲ್ಲಿ ಪಟ್ಟೆಯುಳ್ಳವು ಅಸಂಖ್ಯ. ಬ್ಲೂ ಮೌಂಟನ್ಸ್ ಸೀಮೆಯಲ್ಲಿಯೇ ಪಟ್ಟೆಯ ಮೈಯುಳ್ಳ ಹಾವುರಾಣಿಗಳು ಒಂದಕ್ಕಿಂತ ಹೆಚ್ಚಿವೆ. ಆದುದರಿಂದ ಪ್ರಾಣಿವಿಜ್ಞಾನಿ ಹಂತಹಂತವಾಗಿ ಮುಂದುವರಿಯುತ್ತಾನೆ.

ಮೊದಲನೆಯ ಹಂತ ಕುಟುಂಬವನ್ನು ನಿರ್ಧರಿಸುವುದು. ಹಾವುರಾಣಿಯ ಮೈಮೇಲಿನ ಹುರುಪೆಗಳು ನುಣುಪಾಗಿ, ದುಂಡಂಚಿನವಾಗಿ, ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಹೊದಿಕೆಯಾಗಿ ಕುಳಿತಿರುತ್ತವೆ. ಪ್ರತಿಯೊಂದು ಹುರುಪೆಯ ಕೆಳಗೂ ಚರ್ಮದಲ್ಲಿ ಮೂಳೆಯ ತೆಳು ಫಲಕಗಳಿರುವುದರಿಂದ ಮೈ ಗಟ್ಟಿಯಾಗಿರುತ್ತದೆ. ತಲೆಯ ಮೇಲೆ ಎಡಬಲ ಸಮನಾಗಿ ಜೋಡಿಸಿದ ದೊಡ್ಡ ಹುರುಪೆಗಳಿರುತ್ತವೆ. ಗೋಡೆಯ ಹಲ್ಲಿಗಾದರೋ ಇಂತಹ ಹೊಳಪಿನ ಹುರುಪೆಗಳಿಲ್ಲ. ಮುಚ್ಚಿ ತೆರೆಯುವ ರೆಪ್ಪೆಯೂ ಇಲ್ಲ. ಇಷ್ಟನ್ನು ನೋಡಿದರೆ ಕೈಯಲ್ಲಿರುವುದು ಹಾವುರಾಣಿಯೇ ಹೌದೆಂದು ತಿಳಿಯುತ್ತದೆ.

ಎರಡನೆಯ ಹಂತದಲ್ಲಿ ಸೂಕ್ಷ್ಮ ಲಕ್ಷಣಗಳನ್ನು ಪರೀಕ್ಷಿಸಬೇಕು. ಮಸೂರವನ್ನು ಹಿಡಿದು ಕಣ್ಣಿನ ಕೆಳರೆಪ್ಪೆಯನ್ನು ನೋಡಬೇಕು. ಕೆಲವು ಹಾವುರಾಣಿಗಳ ಕೆಳರೆಪ್ಪೆಯಲ್ಲಿ ಗಾಜಿನಂತಹ ಪಾರದರ್ಶಕವಾದ ಕಿಟಕಿಯೊಂದಿರುತ್ತದೆ. ಯೂಲಾಂಪ್ರಸ್‌ಗಳಲ್ಲಿ ರೆಪ್ಪೆ ಹುರುಪೆಗಳಿಂದ ಕೂಡಿರುತ್ತದೆ. ಕಿವಿಯ ರಂಧ್ರದ ಮುಂದಿನ ಅಂಚಿನಲ್ಲಿ ಸಣ್ಣ ಹಲ್ಲುಗಳಂತಹ ಚಾಚುಗಳಿವೆಯೇ ಎಂದು ಪರೀಕ್ಷಿಸಬೇಕು. ತಲೆಯ ಹುರುಪೆಗಳಲ್ಲಿ ಯಾವುದು ಯಾವುದಕ್ಕೆ ತಾಗಿದೆ, ಮೇಲ್ದುಟಿಯ ಅಂಚಿನಲ್ಲಿ ಎಷ್ಟು ಹುರುಪೆಗಳಿವೆ, ಮೈಯ ನಡುಭಾಗವನ್ನು ಸುತ್ತಿ ಎಣಿಸಿದರೆ ಎಷ್ಟು ಸಾಲು ಸಿಗುತ್ತವೆ, ನಾಲ್ಕನೆಯ ಬೆರಳಿನ ಕೆಳಗೆ ಎಷ್ಟು ಪಟಲಗಳಿವೆ, ಇವೆಲ್ಲವನ್ನೂ ಬರೆದಿಟ್ಟುಕೊಳ್ಳಬೇಕು. ಬಣ್ಣವು ಬಿಸಿಲು, ವಯಸ್ಸು, ಪೊರೆ ಬಿಡುವ ಕಾಲಗಳನ್ನು ಅನುಸರಿಸಿ ಮಾಸಬಹುದು, ಹೊಳೆಯಬಹುದು. ಹುರುಪೆಗಳ ಎಣಿಕೆಯಾದರೋ ಹುಟ್ಟಿನಿಂದ ಸಾವಿನವರೆಗೆ ಹೆಚ್ಚು ಬದಲಾಗದು. ಅಲ್ಲದೆ ಒಂದೇ ಪ್ರಾಣಿಯನ್ನು ನೋಡಿ ತೀರ್ಮಾನಕ್ಕೆ ಬರುವುದೂ ತಪ್ಪು. ಒಂದೇ ತಾಯಿಯ ಮಕ್ಕಳಲ್ಲಿಯೂ ವ್ಯತ್ಯಾಸಗಳಿರುವಂತೆ ಒಂದೇ ಪ್ರಭೇದದ ಪ್ರಾಣಿಗಳಲ್ಲಿಯೂ ಅಲ್ಪಸ್ವಲ್ಪ ಭೇದಗಳು ಸಹಜ. ಗಂಡು, ಹೆಣ್ಣು, ಮರಿಗಳನ್ನು ಬೇರೆ ಬೇರೆ ಸ್ಥಳಗಳಿಂದ ನೋಡಿದಾಗ ಮಾತ್ರ ಯಾವ ಭೇದ ಮುಖ್ಯ, ಯಾವುದು ಗೌಣವೆಂಬುದು ತಿಳಿಯುತ್ತದೆ.

ಮೂರನೆಯ ಹಂತ ಹೋಲಿಕೆ. ಆ ಸೀಮೆಯ ಬಂಡೆಗಳ ಮೇಲೆ ಕಪ್ಪು ಬಿಳುಪಿನ ಪಟ್ಟೆಗಳುಳ್ಳ, ತಾಮ್ರವರ್ಣದ ಬಾಲದ ಹಾವುರಾಣಿಯೊಂದು ಓಡಾಡುತ್ತದೆ. ಅದರ ಹೆಸರು ಟೀನೋಟಸ್ ಟೀನಿಯೊಲೇಟಸ್. ದೂರದಿಂದ ಅದು ನಮ್ಮ ಜೌಗಿನ ಹಾವುರಾಣಿಯಂತೆ ಕಂಡೀತು. ಆದರೆ ಅದರ ಕಿವಿಯ ಅಂಚಿನಲ್ಲಿ ಚಾಚುಗಳಿವೆ, ಅದು ಒಣ ನೆಲದ ಪ್ರಾಣಿ, ಮೊಟ್ಟೆಯಿಡುತ್ತದೆ. ತೊರೆಗಳ ದಂಡೆಯಲ್ಲಿ ಯೂಲಾಂಪ್ರಸ್ ಕ್ವಾಯಿ ಎಂಬ ಇನ್ನೊಂದು ಇದೆ. ಅದು ಮೈಕಟ್ಟಿನಲ್ಲಿ ದೊಡ್ಡದು. ಹೊಂಗಂದು ಬಣ್ಣದ ಬೆನ್ನಿನ ಎರಡು ಅಂಚುಗಳಲ್ಲಿ ಒಂದೊಂದು ಹಳದಿ ಗೆರೆ ಇರುತ್ತದೆ. ಯೂಲಾಂಪ್ರಸ್ ಹೀಟ್‌ವೋಲಿ ಮತ್ತು ಯೂಲಾಂಪ್ರಸ್ ಟಿಂಪಾನಮ್ ಎಂಬ ಪ್ರಭೇದಗಳಿಗೆ ಪಕ್ಕಗಳಲ್ಲಿ ಚುಕ್ಕೆಗಳಿವೆಯೇ ಹೊರತು ಬೆನ್ನಿನ ಮೇಲೆ ಇಂತಹ ಪಟ್ಟೆಗಳಿಲ್ಲ. ಯೂಲಾಂಪ್ರಸ್ ಕೋಸಿಯಸ್ಕೋಯಿ ಎಂಬುದು ಪಟ್ಟೆಯುಳ್ಳದ್ದೇ. 1932ರಲ್ಲಿ ಕಿಂಗ್‌ಹಾರ್ನ್ ಎಂಬ ವಿಜ್ಞಾನಿ ಆಸ್ಟ್ರೇಲಿಯದ ಅತ್ಯುನ್ನತ ಶಿಖರವಾದ ಕೋಸಿಯಸ್ಕೊ ಪರ್ವತದ ಹೆಸರನ್ನು ಅದಕ್ಕೆ ಇಟ್ಟನು. ಆದರೆ ಅದರ ಬೆನ್ನಿಗೆ ಆಲಿವ್ ಕಾಯಿಯ ಹಸುರುಗಂದು ಛಾಯೆಯಿದೆ. ವಾಸಿಸುವ ಸ್ಥಳಗಳೂ ಬೇರೆ. ಹೀಗೆ ಬಣ್ಣ, ಹುರುಪೆ, ಕಿವಿ, ಗಾತ್ರ, ವಾಸಸ್ಥಳ, ಸಂತಾನಕ್ರಮ ಇವೆಲ್ಲವೂ ಸಾಕ್ಷಿಗಳಾಗಿ ನಿಂತು ಒಂದೇ ಮಾತನ್ನು ಹೇಳಿದಾಗ ಮಾತ್ರ ವಿಜ್ಞಾನಿ ಹೆಸರನ್ನು ಉಚ್ಚರಿಸುತ್ತಾನೆ. ಒಂಟಿ ಸಾಕ್ಷಿಯನ್ನು ನಂಬಿ ತೀರ್ಪು ಕೊಡುವುದು ನ್ಯಾಯಾಲಯದಲ್ಲಿ ಹೇಗೆ ಅಪಾಯವೋ ಪ್ರಾಣಿಶಾಸ್ತ್ರದಲ್ಲಿಯೂ ಹಾಗೆಯೇ.

ಪಟ್ಟೆ ಎಂಬ ಸಾಕ್ಷಿ ಮೋಸಗೊಳಿಸುವುದಕ್ಕೆ ಕಾರಣವೂ ಉಂಟು. ನೆಟ್ಟಗೆ ಬೆಳೆದ ಹುಲ್ಲಿನ ಎಸಳುಗಳ ನಡುವೆ ಬಿಸಿಲು ನೆರಳುಗಳು ಗೆರೆಗೆರೆಯಾಗಿ ಬೀಳುತ್ತವೆ. ಅಂತಹ ಕಡೆ ಉದ್ದಪಟ್ಟೆಯ ಮೈ ಹಕ್ಕಿಯ ಕಣ್ಣಿಗೆ ಸುಲಭವಾಗಿ ಬೀಳದು. ಓಡುವಾಗಲೂ ಪಟ್ಟೆಗಳಿಂದಾಗಿ ಪ್ರಾಣಿಯ ವೇಗವನ್ನು ಅಳೆಯುವುದು ಶತ್ರುವಿಗೆ ಕಷ್ಟವಾಗುತ್ತದೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಆದುದರಿಂದ ಪರಸ್ಪರ ರಕ್ತಸಂಬಂಧವಿಲ್ಲದ ಎಷ್ಟೋ ಹಾವುರಾಣಿಗಳು ಒಂದೇ ಬಗೆಯ ಪಟ್ಟೆಗಳನ್ನು ಬೇರೆ ಬೇರೆಯಾಗಿ ಪಡೆದಿವೆ. ಒಂದೇ ಬಗೆಯ ಸಮವಸ್ತ್ರವನ್ನು ಧರಿಸಿದ ಮಕ್ಕಳೆಲ್ಲರೂ ಒಂದೇ ಮನೆಯವರಲ್ಲವಷ್ಟೆ.

ವಾಸಸ್ಥಳವೂ ಹಾಗೆಯೇ. ಆಸ್ಟ್ರೇಲಿಯದ ಆಗ್ನೇಯ ಭಾಗದಲ್ಲಿ, ವಿಕ್ಟೋರಿಯ ರಾಜ್ಯದ ಜೌಗುಗಳಲ್ಲಿ, ಕಪ್ಪು ಪಟ್ಟೆಗಳುಳ್ಳ ಇನ್ನೊಂದು ಹಾವುರಾಣಿಯಿದೆ. ಬಹುಕಾಲ ಅದನ್ನು ದೇಶದ ನೈಋತ್ಯ ಮೂಲೆಯಲ್ಲಿರುವ ಮತ್ತೊಂದು ಜೌಗು ಹಾವುರಾಣಿಯ ಪ್ರಭೇದಕ್ಕೆ ಸೇರಿಸಲಾಗಿತ್ತು. ಇವೆರಡರ ನಡುವಿನ ದೂರ ಸಾವಿರಾರು ಕಿಲೋಮೀಟರು. 1978ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ವಸ್ತುಸಂಗ್ರಹಾಲಯದ ಗ್ಲೆನ್ ಸ್ಟಾರ್ ಎಂಬ ವಿಜ್ಞಾನಿ ಇವು ಎರಡು ಪ್ರತ್ಯೇಕ ಪ್ರಭೇದಗಳೆಂದು ತೋರಿಸಿ, ಆಗ್ನೇಯದ ಪ್ರಾಣಿಗೆ ಎಗರ್ನಿಯ ಕವೆಂಟ್ರಿಯಿ ಎಂಬ ಹೆಸರನ್ನು ಕೊಟ್ಟನು. 2008ರಲ್ಲಿ ಪ್ರಕಟವಾದ ಸಂಶೋಧನೆಯ ಆಧಾರದ ಮೇಲೆ ಎರಡನ್ನೂ ಲಿಸೊಲೆಪಿಸ್ ಎಂಬ ಜಾತಿಗೆ ಸೇರಿಸಲಾಯಿತು. ಅವು ‘ನೀಲಿ ನಾಲಗೆ’ಯ ದೊಡ್ಡ ಹಾವುರಾಣಿಗಳ ಬಳಗಕ್ಕೆ ಸೇರಿದವು; ಬ್ಲೂ ಮೌಂಟನ್ಸ್‌ನ ನಮ್ಮ ಹಾವುರಾಣಿಗೆ ಹತ್ತಿರದ ನೆಂಟರಲ್ಲ. ಜೌಗು ಒಂದೇ ಬಗೆಯದು, ಪಟ್ಟೆ ಒಂದೇ ಬಗೆಯದು, ಆದರೆ ಮನೆತನ ಬೇರೆ.

ಇಲ್ಲಿ ವರ್ಗೀಕರಣದ ಕ್ರಮವನ್ನು ಸ್ವಲ್ಪ ತಿಳಿಯಬೇಕು. ಸ್ವೀಡನ್ ದೇಶದ ಕಾರ್ಲ್ ಲಿನೇಯಸ್ ಎಂಬ ನಿಸರ್ಗವಿಜ್ಞಾನಿ ಜೀವಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದನು. 1758ರಲ್ಲಿ ಪ್ರಕಟವಾದ ಅವನ ಗ್ರಂಥದ ಹತ್ತನೆಯ ಆವೃತ್ತಿಯೇ ಪ್ರಾಣಿನಾಮಗಳಿಗೆಲ್ಲ ಆರಂಭಬಿಂದು. ಹೆಸರಿನ ಮೊದಲ ಪದ ಜಾತಿಯನ್ನು, ಎರಡನೆಯ ಪದ ಪ್ರಭೇದವನ್ನು ಸೂಚಿಸುತ್ತದೆ. ನಿಕಟವಾದ ಪ್ರಭೇದಗಳು ಸೇರಿ ಜಾತಿ. ಜಾತಿಗಳು ಸೇರಿ ಕುಟುಂಬ. ಕುಟುಂಬಗಳು ಸೇರಿ ಗಣ. ಗಣಗಳು ಸೇರಿ ವರ್ಗ. ಊರು, ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಅಂಚೆಯ ವಿಳಾಸವನ್ನು ಬರೆದಂತೆ ಇದು ಪ್ರಾಣಿಯ ವಿಳಾಸ. ನಮ್ಮ ಕಥಾನಾಯಕನ ವಿಳಾಸ ಹೀಗಿದೆ: ಸರೀಸೃಪ ವರ್ಗ, ಹಲ್ಲಿ ಹಾವುಗಳನ್ನೊಳಗೊಂಡ ಸ್ಕ್ವಾಮೇಟ ಗಣ, ಹಾವುರಾಣಿಗಳ ಕುಟುಂಬ, ಯೂಲಾಂಪ್ರಸ್ ಜಾತಿ, ಲೂರಾಯೆನ್ಸಿಸ್ ಪ್ರಭೇದ. ಯೂಲಾಂಪ್ರಸ್ ಎಂಬುದು ಚೆನ್ನಾಗಿ ಹೊಳೆಯುವುದು ಎಂಬ ಅರ್ಥದ ಗ್ರೀಕ್ ಮೂಲದ ಪದ. ಲೂರಾಯೆನ್ಸಿಸ್ ಎಂದರೆ ಲೂರಾ ಎಂಬ ಊರಿನದು. ಲೂರಾ ಆ ಪರ್ವತಸೀಮೆಯ ಒಂದು ಪಟ್ಟಣ.

ಈ ಹೆಸರು ನೆಲೆಗೊಂಡ ಬಗೆಯೂ ಸ್ವಾರಸ್ಯವಾಗಿದೆ. 1984ರಲ್ಲಿ ರಿಚರ್ಡ್ ವೆಲ್ಸ್ ಮತ್ತು ರಾಸ್ ವೆಲಿಂಗ್ಟನ್ ಎಂಬ ಇಬ್ಬರು ಆಸ್ಟ್ರೇಲಿಯದ ಸರೀಸೃಪಗಳ ದೊಡ್ಡ ಪಟ್ಟಿಯೊಂದನ್ನು ಪ್ರಕಟಿಸಿ, ಅದರಲ್ಲಿ ಅನೇಕ ಹೊಸ ಹೆಸರುಗಳನ್ನು ಸೂಚಿಸಿದರು. ಲೂರಾಯೆನ್ಸಿಸ್ ಅವುಗಳಲ್ಲಿ ಒಂದು. ಹೆಸರುಗಳು ಬಹಳ, ವಿವರಣೆ ಅಲ್ಪ ಎಂದು ಅನೇಕ ವಿಜ್ಞಾನಿಗಳು ಆಕ್ಷೇಪಿಸಿದರು. ಅವರ ಬರಹಗಳನ್ನು ನಾಮಕರಣದ ದೃಷ್ಟಿಯಿಂದ ತಳ್ಳಿಹಾಕಬೇಕೆಂಬ ಮನವಿ 1987ರಲ್ಲಿ ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಆಯೋಗದ ಮುಂದೆ ಪ್ರಕಟವಾಯಿತು. 1991ರಲ್ಲಿ ಆಯೋಗ ಹಾಗೆ ತಳ್ಳಿಹಾಕಲು ಒಪ್ಪಲಿಲ್ಲ. ಆದರೆ ಈ ವಾದವಿವಾದ ಮುಗಿಯುವವರೆಗೆ ಜೌಗಿನ ಹಾವುರಾಣಿ ಕಾಯಬೇಕಾಗಲಿಲ್ಲ. 1985ರಲ್ಲಿಯೇ ಶೇ ಮತ್ತು ಪೀಟರ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಆ ಪ್ರಾಣಿಯನ್ನು ಮತ್ತೆ ಕೂಲಂಕಷವಾಗಿ ವರ್ಣಿಸಿ, ಅದರ ಜೀವನಕ್ರಮದ ಟಿಪ್ಪಣಿಗಳೊಂದಿಗೆ ಪ್ರಕಟಿಸಿದರು. ಹೆಸರಿಡುವುದು ಒಂದು ಕೆಲಸ. ಆ ಹೆಸರು ನಿಲ್ಲುವಂತೆ ಆಧಾರ ಒದಗಿಸುವುದು ಮತ್ತೊಂದು. ಎರಡನೆಯದರಲ್ಲಿ ಶ್ರಮ ಹೆಚ್ಚು.

ಆಗ ಅವರು ಈ ಪ್ರಾಣಿಯನ್ನು ಸ್ಫೀನೊಮಾರ್ಫಸ್ ಎಂಬ ಜಾತಿಯಲ್ಲಿ ಇರಿಸಿದ್ದರು. ಅದು ಆಗ್ನೇಯ ಏಷ್ಯದವರೆಗೂ ಹರಡಿದ ವಿಶಾಲವಾದ ಜಾತಿ. ಅನಂತರ 1843ರಷ್ಟು ಹಳೆಯದಾದ ಯೂಲಾಂಪ್ರಸ್ ಎಂಬ ಹೆಸರು ಬಳಕೆಗೆ ಬಂದಿತು. ಆ ಜಾತಿಯೂ ಏಕರೂಪವಾಗಿರಲಿಲ್ಲ. 2013ರ ಅಧ್ಯಯನವೊಂದರ ಫಲವಾಗಿ ಅದರಲ್ಲಿದ್ದ ಅನೇಕ ಪ್ರಭೇದಗಳು ಬೇರೆ ಜಾತಿಗಳಿಗೆ ಹೋಗಿ, ಯೂಲಾಂಪ್ರಸ್‌ನಲ್ಲಿ ಐದೇ ಪ್ರಭೇದಗಳು ಉಳಿದವು. ಮೇಲೆ ಹೋಲಿಕೆಗಾಗಿ ಹೇಳಿದ ನಾಲ್ಕು ಯೂಲಾಂಪ್ರಸ್‌ಗಳು ಮತ್ತು ಲೂರಾಯೆನ್ಸಿಸ್, ಇವೇ ಆ ಐವರು ಒಡಹುಟ್ಟಿದವರು. ಹೆಸರು ಹೀಗೆ ಬದಲಾಗುವುದನ್ನು ಕಂಡು ವಿಜ್ಞಾನಿಗಳಿಗೆ ಸ್ಥಿರವಾದ ಬುದ್ಧಿಯಿಲ್ಲವೆಂದು ಭಾವಿಸಬಾರದು. ಹೊಸ ಆಧಾರ ದೊರೆತಾಗ ಹಳೆಯ ತೀರ್ಮಾನವನ್ನು ತಿದ್ದಿಕೊಳ್ಳುವುದೇ ವಿಜ್ಞಾನದ ಬಲ. ನಮ್ಮ ಹಿತ್ತಿಲಿನ ಹಾವುರಾಣಿಗೂ ಇದೇ ಅನುಭವವಾಗಿದೆ. ಹಳೆಯ ಪುಸ್ತಕಗಳಲ್ಲಿ ಮಬುಯ ಕ್ಯಾರಿನೇಟ ಎಂದಿದ್ದ ಅದು ಈಗ ಯೂಟ್ರೋಪಿಸ್ ಕ್ಯಾರಿನೇಟ.

ಈ ಹೊಸ ಆಧಾರಗಳಲ್ಲಿ ಮುಖ್ಯವಾದುದು ಡಿಎನ್‌ಎ. ಜೀವಕೋಶದಲ್ಲಿರುವ ಈ ವಸ್ತು ತಾಯಿ ತಂದೆಯರಿಂದ ಮಕ್ಕಳಿಗೆ ಇಳಿದು ಬರುವ ವಂಶಾವಳಿಯ ಕಡತದಂತಿದೆ. ಬಾಲದ ತುದಿಯ ಚೂರೊಂದು ಸಾಕು, ಅದನ್ನು ಓದಬಹುದು. ಹೊರನೋಟ ಮೋಸಗೊಳಿಸಿದ ಕಡೆಯೂ ಅದು ಸಂಬಂಧವನ್ನು ತಿಳಿಸುತ್ತದೆ. 2010ರಲ್ಲಿ ಡ್ಯೂಬೆ ಮತ್ತು ಶೈನ್ ಎಂಬ ವಿಜ್ಞಾನಿಗಳು ಬೇರೆ ಬೇರೆ ಜೌಗುಗಳ ಲೂರಾಯೆನ್ಸಿಸ್‌ಗಳನ್ನು ಈ ರೀತಿ ಪರೀಕ್ಷಿಸಿದರು. ಪರಸ್ಪರ ಹತ್ತಿರದಲ್ಲಿರುವ ಜೌಗುಗಳ ಪ್ರಾಣಿಗಳಲ್ಲಿಯೂ ಆನುವಂಶಿಕ ಭೇದಗಳು ಕಂಡುಬಂದವು. ಅಂದರೆ ಒಂದು ಜೌಗಿನ ಹಾವುರಾಣಿ ನಡುವಿನ ಒಣ ಕಾಡನ್ನು ದಾಟಿ ಇನ್ನೊಂದು ಜೌಗಿಗೆ ಹೋಗುವುದು ಅತಿ ವಿರಳ. ಒಂದೊಂದು ಜೌಗಿನ ಬಳಗವೂ ತಲೆತಲಾಂತರದಿಂದ ಬಹುಮಟ್ಟಿಗೆ ತನ್ನಷ್ಟಕ್ಕೆ ತಾನೇ ಬಾಳಿದೆ.

ಈ ಒಂದು ಸಂಗತಿಯಿಂದ ಆ ಪ್ರಾಣಿಯ ಅಳಿವು ಉಳಿವಿನ ಪ್ರಶ್ನೆ ಹೊಸ ರೂಪವನ್ನು ತಾಳುತ್ತದೆ. ಒಂದು ಜೌಗು ಒಣಗಿದರೆ ಅಲ್ಲಿನ ಹಾವುರಾಣಿಗಳು ಪಕ್ಕದ ಜೌಗಿಗೆ ವಲಸೆ ಹೋಗಲಾರವು. ಮುಂದೆ ಅಲ್ಲಿಗೆ ನೀರು ಮರಳಿದರೂ ಬೇರೆ ಕಡೆಯಿಂದ ಬಂದು ನೆಲಸುವವರೂ ಇಲ್ಲ. ಒಂದು ಜೌಗು ಹೋಯಿತೆಂದರೆ ಒಂದು ಬಳಗವೇ ಹೋದಂತೆ.

ಜೌಗುಗಳು ಒಣಗುವ ಕಾರಣಗಳು ಹಲವು. ಈ ಪರ್ವತಸೀಮೆಯ ಕೆಲವು ಭಾಗಗಳ ಅಡಿಯಲ್ಲಿ ಕಲ್ಲಿದ್ದಲಿನ ಪದರಗಳಿವೆ. ನೆಲದಾಳದಲ್ಲಿ ಕಲ್ಲಿದ್ದಲನ್ನು ಉದ್ದುದ್ದಕ್ಕೂ ತೆಗೆದ ಮೇಲೆ ಆಧಾರ ತಪ್ಪಿದ ಬಂಡೆ ಕುಸಿಯುತ್ತದೆ. ಮೇಲಿನ ಪದರಗಳಲ್ಲಿ ಬಿರುಕುಗಳು ಬೀಳುತ್ತವೆ. ಜೇಡಿಗಲ್ಲು ತಡೆದು ನಿಲ್ಲಿಸಿದ್ದ ನೀರು ಆ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಜೌಗಿನ ಪೀಟ್ ಒಣಗುತ್ತದೆ. ಬೆಟ್ಟದ ನೆತ್ತಿಯ ಮೇಲಿನ ಪಟ್ಟಣಗಳಿಂದ ಮಳೆಯ ನೀರಿನೊಡನೆ ಕೊಚ್ಚಿ ಬರುವ ಹೂಳು, ಕೊಳೆ, ಕಳೆಬೀಜಗಳು ಜೌಗನ್ನು ಕೆಡಿಸುತ್ತವೆ. ಸಾಕಿದ ಮತ್ತು ಕಾಡುಬಿದ್ದ ಬೆಕ್ಕುಗಳೂ ಹೊರಗಿನಿಂದ ತಂದುಬಿಟ್ಟ ನರಿಗಳೂ ಹಾವುರಾಣಿಗಳನ್ನು ಹಿಡಿಯುತ್ತವೆ. ಇವುಗಳ ಜೊತೆಗೆ ಕಾಡುಕಿಚ್ಚು. 2019-20ರ ಬೇಸಗೆಯಲ್ಲಿ ಈ ಪರ್ವತಸೀಮೆಯಲ್ಲಿ ಹಬ್ಬಿದ ಒಂದೇ ಕಿಚ್ಚು 5 ಲಕ್ಷ ಹೆಕ್ಟೇರಿಗೂ ಮೀರಿದ ಪ್ರದೇಶವನ್ನು ಸುಟ್ಟಿತು. ಒದ್ದೆಯಾಗಿರುವ ಜೌಗಿನಲ್ಲಿ ಬೆಂಕಿ ಮೇಲಿನ ಹುಲ್ಲನ್ನು ಸುಟ್ಟರೂ ಬೇರು ಉಳಿದು ಮತ್ತೆ ಚಿಗುರುತ್ತದೆ; ನೆಲದೊಳಗೆ ಅಡಗಿದ ಪ್ರಾಣಿಯೂ ಉಳಿಯಬಲ್ಲದು. ಒಣಗಿದ ಜೌಗಿನಲ್ಲಿಯಾದರೋ ಪೀಟ್ ಮಣ್ಣಿಗೇ ಬೆಂಕಿ ತಗಲುತ್ತದೆ. ಸಾವಿರಾರು ವರ್ಷಗಳಲ್ಲಿ ಕೂಡಿದ ನೆಲ ಕೆಲವು ದಿನಗಳಲ್ಲಿ ಬೂದಿಯಾಗುತ್ತದೆ.

ಈ ಹಾವುರಾಣಿ ಮತ್ತು ಈ ಬಗೆಯ ಜೌಗು ಎರಡನ್ನೂ ಅಳಿವಿನ ಅಂಚಿನಲ್ಲಿರುವುವೆಂದು ಆ ದೇಶದ ಕಾನೂನು ಗುರುತಿಸಿದೆ. ಜೌಗು ಆ ಪಟ್ಟಿಯನ್ನು ಸೇರಿದುದು 2005ರಲ್ಲಿ. ಇದರಿಂದ ಅಲ್ಲಿ ಗಣಿಯನ್ನಾಗಲೀ ರಸ್ತೆಯನ್ನಾಗಲೀ ಯೋಜಿಸುವವರು ಈ ಪ್ರಾಣಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕಾಗಿದೆ. ಇಲ್ಲಿ ನಾವು ಮೊದಲು ಕೇಳಿದ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಗುರುತಿಸುವುದರಿಂದ ಪ್ರಯೋಜನವೇನು? ಲೂರಾಯೆನ್ಸಿಸ್ ಎಂಬ ಪ್ರತ್ಯೇಕ ಪ್ರಭೇದವನ್ನು ಯಾರೂ ಗುರುತಿಸದೆ ಇದ್ದಿದ್ದರೆ, ಅದು ವಿಶಾಲವಾಗಿ ಹರಡಿರುವ ಯಾವುದೋ ಸಾಮಾನ್ಯ ಹಾವುರಾಣಿಯ ಲೆಕ್ಕದಲ್ಲಿ ಸೇರಿಹೋಗುತ್ತಿತ್ತು. ಜೌಗುಗಳು ಒಂದೊಂದಾಗಿ ಒಣಗಿದಾಗ, ‘ಇಂತಹ ಹಾವುರಾಣಿಗಳು ಬೇರೆಡೆ ಬೇಕಾದಷ್ಟಿವೆ’ ಎಂದು ಜನ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಒಂದು ಜೀವಿ, ಇದ್ದದ್ದೂ ತಿಳಿಯದಂತೆ, ಇಲ್ಲವಾದದ್ದೂ ತಿಳಿಯದಂತೆ ಅಳಿದುಹೋಗಬಹುದಿತ್ತು. ಹೆಸರಿಲ್ಲದ ಪ್ರಾಣಿಯನ್ನು ಯಾವ ಕಾನೂನೂ ರಕ್ಷಿಸಲಾರದು. ಹೆಸರೊಂದೇ ಪ್ರಾಣಿಯನ್ನು ಉಳಿಸಲಾರದೆಂಬುದೂ ನಿಜ. ಅದಕ್ಕೆ ನೀರು ಬೇಕು, ನೆಲ ಬೇಕು, ಮನುಷ್ಯನ ವಿವೇಕ ಬೇಕು. ಆದರೆ ಮೊದಲ ಹೆಜ್ಜೆ ಹೆಸರು.

ಮುಂದಿನ ಬಾರಿ ಹಿತ್ತಿಲಿನ ಕಲ್ಲುರಾಶಿಯ ಮೇಲೆ ಹಾವುರಾಣಿ ಕಂಡಾಗ ಒಂದು ಕ್ಷಣ ಅಲ್ಲಾಡದೆ ನಿಂತು ನೋಡಿ. ಹುರುಪೆಗಳು ಹೇಗೆ ಹೊದಿಕೆಯಾಗಿವೆ? ಪಕ್ಕದ ಗೆರೆ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆ? ಅದು ಕಣ್ಣು ಮಿಟುಕಿಸುತ್ತದೆಯೇ? ಗದ್ದೆಯ ಬದುವಿನಲ್ಲಿ ಕಂಡದ್ದೂ ಮನೆಯ ಬಳಿ ಕಂಡದ್ದೂ ಒಂದೇ ತೆರನಾಗಿವೆಯೇ? ನೋಡಿದುದನ್ನು ದಿನಾಂಕ, ಸ್ಥಳಗಳೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಿ. ಹಿಡಿಯಬೇಕಾಗಿಲ್ಲ, ಕೊಲ್ಲಬೇಕಾಗಿಲ್ಲ. ನೀವು ಇನ್ನೊಂದು ಹೆಜ್ಜೆ ಮುಂದಿಡುವಷ್ಟರಲ್ಲಿ ಅದು ತರಗೆಲೆಗಳ ಕೆಳಗೆ ಸರಿದುಹೋಗುತ್ತದೆ. ಆದರೆ ಅದು ಹಾವಲ್ಲವೆಂಬುದನ್ನು ನೀವು ಕಣ್ಣಾರೆ ಕಂಡಿರುತ್ತೀರಿ. ಕೈಯಲ್ಲಿ ಕಲ್ಲು ಇದ್ದರೆ ಅದು ತಾನಾಗಿಯೇ ಕೆಳಗೆ ಬಿದ್ದಿರುತ್ತದೆ.